ದಾರಿಯಲ್ಲೇ ಬಿದ್ದವರ ಯಾತ್ರೆ



ಜುಲೈ 25ರಂದು ಧರ್ಮಸಭೆಯು ಪ್ರೇಷಿತ ಸಂತ ಯಕೋಬರ ಹಬ್ಬವನ್ನು ಕೊಂಡಾಡುತ್ತದೆ. ಈ ಪ್ರೇಷಿತರ ಸಮಾಧಿ ಸ್ಪೇನ್ ದೇಶದ ವಾಯವ್ಯ ಮೂಲೆಯ ಸಾಂತಿಯಾಗೋ ದೆ ಕಾಂಪೋಸ್ತೆಲಾ ಪಟ್ಟಣದಲ್ಲಿದೆ ಎಂಬ ನಂಬಿಕೆ ಒಂಬತ್ತನೆಯ ಶತಮಾನದಿಂದ ಬಂದದ್ದು. ಫ್ರಾನ್ಸ್ ಗಡಿಯ ಪಿರನೀಸ್ ಪರ್ವತದ ಬುಡದಿಂದ ಅಲ್ಲಿಗೆ ಸುಮಾರು 780 ಕಿಲೋಮೀಟರ್. ಸಾವಿರ ವರ್ಷಗಳಿಂದ ಭಕ್ತರು ಈ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಿದ್ದಾರೆ. ತಲುಪಿದವರ ಸಂತೋಷವನ್ನು ನಾವು ಊಹಿಸಬಲ್ಲೆವು. ಆದರೆ ನಡುದಾರಿಯಲ್ಲಿ ಕಾಲು ಮುರಿದುಕೊಂಡವರ, ಜ್ವರ ಬಂದು ಮಲಗಿದವರ ಗತಿ ಏನು? ಅವರ ಹರಕೆ ತೀರಲಿಲ್ಲವೇ?

ಹನ್ನೆರಡನೆಯ ಶತಮಾನದ ‘ಕೋಡೆಕ್ಸ್ ಕಾಲಿಕ್ಸ್ತಿನುಸ್’ ಎಂಬ ಹಸ್ತಪ್ರತಿಯಲ್ಲಿ ಸಂತ ಯಕೋಬರ ಪವಾಡಗಳ ಸಂಗ್ರಹವಿದೆ. ಅದರಲ್ಲಿ 1080ರಲ್ಲಿ ನಡೆಯಿತೆಂದು ಹೇಳುವ ಒಂದು ಕಥೆ ಹೀಗಿದೆ. ಲೊರೇನ್ ಪ್ರಾಂತ್ಯದ ಮೂವತ್ತು ಮಂದಿ ಯಾತ್ರೆಗೆ ಹೊರಟರು. ದಾರಿಯಲ್ಲಿ ಯಾರಿಗೆ ಏನಾದರೂ ಒಬ್ಬರನ್ನೊಬ್ಬರು ಕೈಬಿಡುವುದಿಲ್ಲವೆಂದು ಪ್ರಮಾಣ ಮಾಡಿಕೊಂಡರು. ಒಬ್ಬ ಮಾತ್ರ ಪ್ರಮಾಣ ಮಾಡಲಿಲ್ಲ. ಮುಂದೆ ಅವರಲ್ಲಿ ಒಬ್ಬನು ಕಾಯಿಲೆ ಬಿದ್ದ. ಗೆಳೆಯರು ಅವನನ್ನು ಕುದುರೆಯ ಮೇಲೂ ಕೈಮೇಲೂ ಹೊತ್ತು ನಡೆದರು. ಐದು ದಿನಗಳ ದಾರಿಗೆ ಹದಿನೈದು ದಿನ ಹಿಡಿಯಿತು. ಕಡೆಗೆ ಬೇಸತ್ತು, ಪರ್ವತದ ಬಳಿ ಅವನನ್ನು ಬಿಟ್ಟು ಮುಂದೆ ಹೋದರು. ಉಳಿದವನು ಪ್ರಮಾಣ ಮಾಡದಿದ್ದ ಆ ಒಬ್ಬನೇ! ರೋಗಿಯನ್ನು ಅವನು ಬೆಟ್ಟದ ಮೇಲಕ್ಕೆ ಕರೆದೊಯ್ದ. ಕತ್ತಲಾಗುವ ಹೊತ್ತಿಗೆ ರೋಗಿ ಪ್ರಾಣಬಿಟ್ಟ.

ನಿರ್ಜನ ಬೆಟ್ಟ, ಪಕ್ಕದಲ್ಲಿ ಹೆಣ. ಆತ ಹೆದರಿ ಸಂತ ಯಕೋಬರನ್ನು ಕೂಗಿಕೊಂಡ. ಕುದುರೆ ಸವಾರನ ರೂಪದಲ್ಲಿ ಬಂದ ಸಂತರು ಸತ್ತವನನ್ನೂ ಬದುಕಿದ್ದವನನ್ನೂ ಏರಿಸಿಕೊಂಡು, ಹನ್ನೆರಡು ದಿನಗಳ ದಾರಿಯನ್ನು ಒಂದೇ ರಾತ್ರಿಯಲ್ಲಿ ದಾಟಿ, ಕಾಂಪೋಸ್ತೆಲಾದ ಹೊರಗಿನ ಗುಡ್ಡಕ್ಕೆ ತಲುಪಿಸಿದರಂತೆ. ಬಿಟ್ಟುಹೋದ ಗೆಳೆಯರಿಗೆ, ಪಶ್ಚಾತ್ತಾಪಪಡದೆ ನಿಮ್ಮ ಯಾತ್ರೆಗೆ ಬೆಲೆಯಿಲ್ಲವೆಂದು ಹೇಳಿಕಳುಹಿಸಿದರಂತೆ.

ಇದು ಪವಾಡದ ಕಥೆ. ಇತಿಹಾಸವೆಂದು ಯಾರೂ ಸಾಧಿಸಬೇಕಿಲ್ಲ. ಆದರೆ ಅಂದಿನ ಭಕ್ತರ ಮನಸ್ಸನ್ನು ಇದು ತೋರಿಸುತ್ತದೆ. ದಾರಿಯಲ್ಲಿ ಬಿದ್ದವನು ತಲುಪಿದ; ಅವನನ್ನು ದಾಟಿ ನಡೆದವರು ತಲುಪಿಯೂ ತಲುಪಲಿಲ್ಲ.

ಬೀಳುವುದಕ್ಕೆ ಕಾರಣಗಳಿಗೇನೂ ಕೊರತೆಯಿರಲಿಲ್ಲ. ಪರ್ವತದಲ್ಲಿ ಹಿಮ, ಬಯಲಿನಲ್ಲಿ ಸುಡುಬಿಸಿಲು, ಕೆಟ್ಟ ನೀರು. ಅದೇ ಹಸ್ತಪ್ರತಿಯಲ್ಲಿರುವ ಯಾತ್ರಿಕರ ಕೈಪಿಡಿಯು ಯಾವ ನದಿಯ ನೀರು ಕುಡಿಯಬಹುದು, ಯಾವುದನ್ನು ಮುಟ್ಟಬಾರದು ಎಂದು ಎಚ್ಚರಿಸುತ್ತದೆ. ನವಾರ್ ಸೀಮೆಯ ಒಂದು ಉಪ್ಪು ಹೊಳೆಯ ದಡದಲ್ಲಿ ಇಬ್ಬರು ಚಾಕು ಮಸೆಯುತ್ತಾ ಕುಳಿತಿದ್ದರಂತೆ. ನೀರು ಒಳ್ಳೆಯದೆಂದು ಅವರು ಹೇಳಿದ್ದನ್ನು ನಂಬಿ ಕುದುರೆಗಳಿಗೆ ಕುಡಿಸಿದಾಗ ಎರಡು ಅಲ್ಲೇ ಸತ್ತವು. ಅವರು ಕೂಡಲೇ ಚರ್ಮ ಸುಲಿದುಕೊಂಡರು ಎಂದು ಲೇಖಕ ಬರೆದಿದ್ದಾನೆ.

ಇಂಥ ದಾರಿಯಲ್ಲಿ ಧರ್ಮಸಭೆ ಆಸ್ಪತ್ರೆಗಳನ್ನು ಕಟ್ಟಿತು. ಮಠಗಳು ತಮ್ಮನ್ನು ಸೇರಿಸಿಕೊಳ್ಳದಿದ್ದಾಗ ಸಂತ ದೊಮಿಂಗೋ ದೆ ಲಾ ಕಲ್ಸಾದಾ ಎದೆಗುಂದಲಿಲ್ಲ. ಯಾತ್ರಿಕರಿಗಾಗಿ ಕಾಡು ಕಡಿದು ದಾರಿ ಮಾಡಿದರು, ಓಹಾ ನದಿಗೆ ಸೇತುವೆ ಹಾಕಿದರು, ಆಸ್ಪತ್ರೆ ಕಟ್ಟಿದರು. 1109ರಲ್ಲಿ ಅವರು ತೀರಿಕೊಂಡ ಊರಿಗೆ ಇಂದಿಗೂ ಅವರದೇ ಹೆಸರು. ಪರ್ವತದ ಮೇಲಿನ ರೊನ್ಸೆಸ್ವಾಯೆಸ್ ಆಸ್ಪತ್ರೆಯೂ ಹನ್ನೆರಡನೆಯ ಶತಮಾನದ್ದು. ಅಲ್ಲಿ ಯಾತ್ರಿಕರ ಕಾಲು ತೊಳೆಯುತ್ತಿದ್ದರು, ಹರಿದ ಪಾದರಕ್ಷೆ ಸರಿಪಡಿಸುತ್ತಿದ್ದರು. ರೋಗಿಗಳಾದ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಮನೆಗಳಿದ್ದವು. ಕಥೋಲಿಕರಿಗಷ್ಟೇ ಅಲ್ಲ, ಯೆಹೂದ್ಯರಿಗೂ ಅನ್ಯಧರ್ಮದವರಿಗೂ ಬಾಗಿಲು ತೆರೆದಿತ್ತೆಂದು ಆ ಆಸ್ಪತ್ರೆಯನ್ನು ಹೊಗಳಿದ ಹಳೆಯ ಲತೀನ್ ಕವಿತೆಯಿಂದ ತಿಳಿಯುತ್ತದೆ.

ಕಾಸ್ತ್ರೊಹೆರಿಸ್ ಊರಿನ ಬಳಿ ಸಂತ ಅಂತೋಣಿಯವರ ಮಠದ ಪಾಳುಗೋಡೆಗಳು ಇಂದಿಗೂ ನಿಂತಿವೆ. ಇಲ್ಲಿನ ಸನ್ಯಾಸಿಗಳು ‘ಸಂತ ಅಂತೋಣಿಯ ಬೆಂಕಿ’ ಎಂಬ ರೋಗಕ್ಕೆ ಆರೈಕೆ ಮಾಡುತ್ತಿದ್ದರು. ಕೈಕಾಲು ಬೆಂಕಿಯಂತೆ ಉರಿದು, ಕಪ್ಪಾಗಿ, ಕೊಳೆತು ಉದುರುತ್ತಿದ್ದ ಭೀಕರ ರೋಗವದು. ರೈ ಎಂಬ ಧಾನ್ಯಕ್ಕೆ ತಗಲುವ ಬೂಷ್ಟಿನ ವಿಷವೇ ಇದರ ಮೂಲವೆಂದು ನಂತರದ ಕಾಲದಲ್ಲಿ ತಿಳಿದುಬಂತು. ಆ ಧಾನ್ಯದ ರೊಟ್ಟಿಯನ್ನೇ ತಿನ್ನುವ ಸೀಮೆಯಿಂದ ಹೊರಟ ರೋಗಿಗೆ ದಾರಿಯಲ್ಲಿ ಗೋದಿ ರೊಟ್ಟಿ ಸಿಕ್ಕರೆ, ಅದೇ ಮದ್ದಾಗುವ ಸಾಧ್ಯತೆಯಿತ್ತು. ಕಾರಣ ತಿಳಿಯದಿದ್ದರೂ ಸನ್ಯಾಸಿಗಳು ರೊಟ್ಟಿ ಕೊಟ್ಟರು, ಹುಣ್ಣು ತೊಳೆದರು.

ಆದರೂ ಅನೇಕರು ಸತ್ತರು. ಸತ್ತ ಯಾತ್ರಿಕನ ಗಂಟುಮೂಟೆ ಛತ್ರದವರ ಪಾಲಾಗಬಾರದೆಂದು, ಹದಿಮೂರನೆಯ ಶತಮಾನದಲ್ಲಿ ಅರಸ ಹತ್ತನೆಯ ಅಲ್ಫೊನ್ಸೊನ ಕಾನೂನು ಯಾತ್ರಿಕನಿಗೆ ಮರಣಪತ್ರ ಬರೆಯುವ ಹಕ್ಕನ್ನು ಕಾಪಾಡಿತು. ಪರದೇಶದಲ್ಲಿ ಸಾಯುವವನಿಗೂ ಮನೆಮಂದಿ ಇದ್ದಾರೆಂಬುದನ್ನು ಅದು ಮರೆಯಲಿಲ್ಲ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ವಿಯಾಫ್ರಾಂಕಾ ದೆಲ್ ಬಿಯೆರ್ಸೊ ಎಂಬ ಊರಿನಿಂದ ಕಾಂಪೋಸ್ತೆಲಾಕ್ಕೆ ಇನ್ನೂ ಸುಮಾರು 185 ಕಿಲೋಮೀಟರ್ ಇದೆ. ಮುಂದೆ ಸುಮಾರು 1,300 ಮೀಟರ್ ಎತ್ತರದ ಒ ಸೆಬ್ರೆಯಿರೊ ಘಟ್ಟ. ನಿತ್ರಾಣನಾದವನಿಗೆ ಆ ಏರು ಅಸಾಧ್ಯ. ಊರ ಬಾಗಿಲಲ್ಲೇ ಸಂತ ಯಕೋಬರ ಒಂದು ಪುಟ್ಟ ದೇವಾಲಯವಿದೆ. ಅದರ ಉತ್ತರದ ದ್ವಾರಕ್ಕೆ ‘ಕ್ಷಮೆಯ ಬಾಗಿಲು’ ಎಂದು ಹೆಸರು. ಕಾಯಿಲೆಯಿಂದಲೋ ಗಾಯದಿಂದಲೋ ಮುಂದೆ ನಡೆಯಲಾರದವನು ಆ ಬಾಗಿಲು ತಲುಪಿದರೆ ಸಾಕು, ಕಾಂಪೋಸ್ತೆಲಾ ಮುಟ್ಟಿದವನಿಗೆ ಸಿಗುವ ಪಾಪದಂಡನೆಯ ವಿಮೋಚನೆಯೇ ಅವನಿಗೂ ಸಿಗುತ್ತಿತ್ತು. ಸಂತ ಯಕೋಬರ ಹಬ್ಬ ಭಾನುವಾರ ಬರುವ ಪವಿತ್ರ ವರ್ಷಗಳಲ್ಲಿ ಈ ಬಾಗಿಲು ಇಂದಿಗೂ ತೆರೆಯುತ್ತದೆ; ಮುಂದಿನದು 2027ರಲ್ಲಿ.

ನಮ್ಮವರೂ ಕಾವಿ ಬಟ್ಟೆ ತೊಟ್ಟು, ಆರೋಗ್ಯ ಮಾತೆಯ ಹಬ್ಬಕ್ಕೆಂದು ಬೆಂಗಳೂರಿನಿಂದ ವೇಲಾಂಕಣಿಗೆ ನಡೆಯುತ್ತಾರೆ. ಕಾಲು ಬೊಬ್ಬೆಯೆದ್ದು, ಜ್ವರ ಬಂದು, ಅರ್ಧದಾರಿಯಿಂದ ಬಸ್ಸು ಹತ್ತಿ ಮನೆಗೆ ಮರಳಿದವರು ‘ಮಾತೆಗೆ ಕೊಟ್ಟ ಮಾತು ತಪ್ಪಿತು’ ಎಂದು ಕೊರಗಬಾರದು. ಅವರ ಹೆಜ್ಜೆಗಳನ್ನು ದೇವರು ಎಣಿಸಿದ್ದಾರೆ. ಗಟ್ಟಿಮುಟ್ಟಾಗಿ ನಡೆಯುವ ನಾವು ಕೇಳಿಕೊಳ್ಳಬೇಕಾದ ಮಾತು ಬೇರೆಯೇ ಇದೆ. ಪಕ್ಕದವನು ಕುಂಟುತ್ತಾ ಹಿಂದುಳಿದಾಗ, ಹಬ್ಬದ ದಿನಕ್ಕೆ ತಡವಾದರೂ ಸರಿಯೆಂದು ಅವನ ಜೊತೆ ರಸ್ತೆಬದಿಯಲ್ಲಿ ಕುಳಿತೆವೇ? ದಯಾಳು ಸಮಾರಿಯದವನ ಸಾಮತಿಯಲ್ಲಿ ಯೇಸುಸ್ವಾಮಿ ಮೆಚ್ಚಿದ್ದು ಪ್ರಯಾಣ ನಿಲ್ಲಿಸಿದವನನ್ನು. ಪ್ರೇಷಿತ ಸಂತ ಯಕೋಬರು ನಮಗಾಗಿ ಪ್ರಾರ್ಥಿಸಲಿ. ಆಮೆನ್.