ಊರ ನಾಟಕದಲ್ಲಿ ಯಾರಿಗೆ ಪಾರ್ಟು?

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಬರುವುದು ಕೋಟೆಯ ಮತ್ತು ಪಾಳೆಯಗಾರರ ಕಾರಣದಿಂದ. ಆದರೆ ಯಾವುದೇ ಊರಿಗೆ ಇನ್ನೊಂದು ಚರಿತ್ರೆಯೂ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಜಾತ್ರೆಯ ರಾತ್ರಿ ರಾಜನ ವೇಷ ಕಟ್ಟಿ, ಬೆಳಗಾದರೆ ಮತ್ತೆ ಗದ್ದೆಗೆ ಹೋದವರ ಚರಿತ್ರೆ ಅದು. ಅದನ್ನು ಬರೆದಿಟ್ಟವರು ಕಡಿಮೆ.

ಈ ಸೀಮೆಯಲ್ಲಿ ಬೆಳೆದ ಯಾರಿಗಾದರೂ ಊರ ನಾಟಕದ ನೆನಪಿರುತ್ತದೆ. ಗುಡಿಯ ಜಗಲಿಯಲ್ಲಿ ಹಾರ್ಮೋನಿಯಂ ಮೇಷ್ಟರು, ತಿಂಗಳುಗಟ್ಟಲೆ ತಾಲೀಮು, ಬಾಡಿಗೆಗೆ ತಂದ ಸೀನರಿ, ಹೊರಗಿನಿಂದ ಕರೆಸಿದ ನಟಿಯರು. ಈ ಖರ್ಚೆಲ್ಲ ಸಾಮಾನ್ಯವಾಗಿ ಪಾತ್ರಧಾರಿಗಳ ತಲೆಯ ಮೇಲೆಯೇ ಬೀಳುತ್ತಿತ್ತು. ದುರ್ಯೋಧನನ ಪಾರ್ಟಿಗೆ ಹೆಚ್ಚು ಹಣ, ದೂತನ ಪಾರ್ಟಿಗೆ ಕಡಿಮೆ. ಹೀಗಾಗಿ ಯಾರು ಚೆನ್ನಾಗಿ ಅಭಿನಯಿಸುತ್ತಾರೆ ಎಂಬುದಕ್ಕಿಂತ ಯಾರು ಕೊಡಬಲ್ಲರು ಎಂಬ ಮಾತೇ ಮುಂದಾಗುತ್ತಿತ್ತು.

ನಾನು ಪ್ರೌಢಶಾಲೆಯಲ್ಲಿದ್ದಾಗ ನೆರೆಯ ಊರೊಂದರ ತಾಲೀಮು ನೋಡಲು ಹೋಗುತ್ತಿದ್ದೆ. ಅಲ್ಲಿ ಜಗಲಿಯ ಕೆಳಗೆ, ಕತ್ತಲಲ್ಲಿ, ಕಂಬಳಿ ಹೊದ್ದು ಒಬ್ಬರು ಕೂತಿರುತ್ತಿದ್ದರು. ಇಡೀ ನಾಟಕ ಅವರಿಗೆ ಬಾಯಿಪಾಠ. ಮೇಲಿದ್ದವರು ಮಾತು ಮರೆತು ತಡವರಿಸಿದರೆ ಅಲ್ಲಿಂದಲೇ ಎತ್ತಿಕೊಡುತ್ತಿದ್ದರು. ಅವರಿಗೆ ಎಂದೂ ಪಾರ್ಟು ಸಿಗಲಿಲ್ಲ. ಕೈಯಲ್ಲಿ ಹಣವಿರಲಿಲ್ಲ, ಅವರ ಕೇರಿಯೂ ಬೇರೆ. ಯಾರೂ ಅವರಿಗೆ ‘ಬರಬೇಡ’ ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ. ‘ಮೇಲೆ ಬಾ’ ಎಂದು ಹೇಳಿದ್ದನ್ನೂ ಕೇಳಲಿಲ್ಲ. ಸಮುದಾಯದ ರಂಗಭೂಮಿ ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಆ ಕಂಬಳಿ.

1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಅದೇ ಜಿಲ್ಲೆಯ ಮಲೆನಾಡಿನ ಭಾಗದಲ್ಲಿ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿಕೊಂಡಿತು. ಇಂದು ನಾಡಿಗೆಲ್ಲ ಪರಿಚಿತವಾಗಿರುವ ನೀನಾಸಮ್ ಇದೇ. ಆಗ ಅದೂ ನಮ್ಮ ಊರುಗಳಲ್ಲಿದ್ದಂಥ ಒಂದು ಹವ್ಯಾಸಿ ಸಂಘ; ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಸೇರಿ ಆಡುತ್ತಿದ್ದ ನಾಟಕ. ಕೆ. ವಿ. ಸುಬ್ಬಣ್ಣನವರ ಮುಂದಾಳ್ತನದಲ್ಲಿ ಅದು ಬೆಳೆದ ರೀತಿಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರತಿ ಹೆಜ್ಜೆಯಲ್ಲೂ ಆ ಸಂಘ ತನ್ನೊಳಗೆ ಇಲ್ಲದವರಿಗೆ ಒಂದೊಂದು ಹೊಸ ಕೆಲಸವನ್ನು ಕಲ್ಪಿಸಿಕೊಟ್ಟಿತು.

1972ರಲ್ಲಿ ಹಳ್ಳಿಯಲ್ಲೇ ರಂಗಮಂದಿರ ಎದ್ದಿತು. ಅದಕ್ಕೆ ಶಿವರಾಮ ಕಾರಂತರ ಹೆಸರು. 1973ರಲ್ಲಿ ಚಿತ್ರಸಮಾಜ ಆರಂಭವಾಗಿ, ಜಗತ್ತಿನ ಹೆಸರಾಂತ ಚಲನಚಿತ್ರಗಳನ್ನು ಸುತ್ತಲಿನ ರೈತರು, ಕೂಲಿಕಾರರು ಕೂತು ನೋಡಿದರು. ನಟಿಸಲು ಸಂಕೋಚಪಡುವವರಿಗೂ ನೋಡುವ ಮತ್ತು ಚರ್ಚಿಸುವ ಕೆಲಸ ಸಿಕ್ಕಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂದಿತು. 1985ರಲ್ಲಿ ‘ತಿರುಗಾಟ’ ಹೊರಟಿತು.

ತಿರುಗಾಟದ ವ್ಯವಸ್ಥೆ ಸ್ವಲ್ಪ ವಿವರಕ್ಕೆ ತಕ್ಕದ್ದು. ತಂಡ ಪ್ರತಿ ವರ್ಷ ಕೆಲವು ನಾಟಕಗಳನ್ನು ಸಿದ್ಧಮಾಡಿಕೊಂಡು ತಿಂಗಳುಗಳ ಕಾಲ ರಾಜ್ಯ ಸುತ್ತುತ್ತದೆ. ವೇದಿಕೆಯ ಮೇಲೆ ರಾಜನಾದವನೇ ಪೆಟ್ಟಿಗೆ ಇಳಿಸುತ್ತಾನೆ, ದೀಪ ಕಟ್ಟುತ್ತಾನೆ. ಇತ್ತ ಪ್ರತಿ ಊರಿನಲ್ಲೂ ಒಂದು ಸ್ಥಳೀಯ ಬಳಗ ಬೇಕು: ಜಾಗ ಗೊತ್ತುಮಾಡಲು, ಊಟ ವಸತಿ ನೋಡಲು, ಟಿಕೆಟ್ ಮಾರಲು. ಶಾಲೆಯ ಮೇಷ್ಟರು, ಅಂಗಡಿಯವರು, ಬ್ಯಾಂಕಿನ ನೌಕರರು, ಅಡುಗೆಯ ಹೊಣೆ ಹೊತ್ತ ಮನೆಯವರು, ಇವರೆಲ್ಲ ನಾಟಕದ ಪಾಲುದಾರರೇ. ಒಬ್ಬ ನಟನೂ ಇಲ್ಲದ ಊರಿನಲ್ಲೂ ಹೀಗೆ ಒಂದು ರಂಗಬಳಗ ನಿಲ್ಲಬಹುದು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅದು ಇಂಥ ಅನೇಕ ಅನಾಮಿಕರ ದುಡಿಮೆಗೂ ಸಂದ ಗೌರವವಾಗಿತ್ತು.

ಆದರೆ ಜಗಲಿಯ ಕೆಳಗೆ ಕೂತವರ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಬಾಗಿಲು ತೆರೆದಿಟ್ಟರೂ ಒಳಗೆ ಬರಲು ಹಿಂಜರಿಯುವವರಿದ್ದಾರೆ. ಅವರಿದ್ದಲ್ಲಿಗೇ ನಾಟಕ ಹೋಗಬೇಕಾಗುತ್ತದೆ. 1980ರ ದಶಕದಲ್ಲಿ ನೀನಾಸಮ್‌ನ ‘ಜನಸ್ಪಂದನ’ ಯೋಜನೆ ಈ ಕೆಲಸಕ್ಕೆ ಕೈಹಾಕಿತು. ಆ ದಶಕದಲ್ಲೇ ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ನಿರ್ದೇಶಕ ಚಿದಂಬರರಾವ್ ಜಂಬೆಯವರು ಸಿದ್ದಿ ಜನರೊಂದಿಗೆ ನಾಟಕ ಕಟ್ಟಿದರು. ಸಿದ್ದಿಗಳು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶಸ್ಥರು. ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಮತದವರಿದ್ದಾರೆ. ನಾಟಕಕ್ಕೆ ಆಯ್ದುಕೊಂಡ ಕಥೆ ನೈಜೀರಿಯದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯದು. ಬಿಳಿಯರ ಆಗಮನದಿಂದ ಒಡೆದುಹೋದ ಆಫ್ರಿಕಾದ ಹಳ್ಳಿಯೊಂದರ ಕಥೆ. ಕಾಡಂಚಿನಲ್ಲಿ ಕೂಲಿ ಮಾಡುತ್ತ, ಬಣ್ಣದ ಕಾರಣಕ್ಕೆ ಪರಕೀಯರೆನಿಸಿಕೊಂಡಿದ್ದವರು ತಮ್ಮದೇ ಹಾಡು, ಕುಣಿತ, ವಾದ್ಯಗಳೊಂದಿಗೆ ಆ ಕಥೆಯನ್ನು ಕನ್ನಡದಲ್ಲಿ ಆಡಿದರು. ಅವರನ್ನು ಇನ್ನೊಬ್ಬರಂತೆ ಮಾತಾಡಲು ಕಲಿಸುವ ಬದಲು, ಅವರಲ್ಲಿದ್ದುದನ್ನೇ ನಾಟಕ ಕೇಳಿಕೊಂಡಿತು. ಮುಂದೆ ಆ ಸಮುದಾಯದ ತರುಣ ತರುಣಿಯರು ಹೆಗ್ಗೋಡಿಗೆ ಬಂದು ರಂಗಶಿಕ್ಷಣ ಪಡೆದರು. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಅವರಂಥ ಕಲಾವಿದರನ್ನು ಇಂದು ನಾಡು ಗುರುತಿಸುತ್ತದೆ.

ವಿಜ್ಞಾನ ಓದಿದ ನನಗೆ ‘ಪ್ರಯೋಗ’ ಎಂಬ ಶಬ್ದದ ಮೇಲೆ ವಿಶೇಷ ಪ್ರೀತಿ. ಪ್ರಯೋಗಶಾಲೆಯಲ್ಲೂ ಪ್ರಯೋಗ, ರಂಗದ ಮೇಲೂ ಪ್ರಯೋಗ. ಪ್ರಯೋಗಶಾಲೆಯ ನಿಯಮವೆಂದರೆ, ಒಂದು ಕಡೆ ಬಂದ ಫಲಿತಾಂಶ ಬೇರೆ ಕಡೆಯೂ ಬರಬೇಕು. ಹೆಗ್ಗೋಡಿನದು ಅಡಿಕೆ ಸೀಮೆಯ, ಓದುಬರಹ ಬಲ್ಲವರ ಊರು, ಬೇರೆಡೆ ಇದು ಆಗದು ಎಂಬ ಆಕ್ಷೇಪ ಉಂಟು. ಅದಕ್ಕೆ ನಮ್ಮ ನೆರೆಯಲ್ಲೇ ಉತ್ತರವಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಬಯಲುಸೀಮೆಯ ಸಣ್ಣ ಊರು. ಅಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಸಕ್ತಿಯಿಂದ 1997ರಲ್ಲಿ ‘ಶಿವಸಂಚಾರ’ ಎಂಬ ತಿರುಗುವ ನಾಟಕ ತಂಡ ಹೊರಟಿತು. ಮೈಸೂರು ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಕೈದಿಗಳೊಂದಿಗೆ ನಾಟಕ ಕಟ್ಟಿ, ಅವರನ್ನು ಹೊರಗಿನ ವೇದಿಕೆಗೂ ಕರೆತಂದರು. ಮಠವಿರಲಿ, ಸೆರೆಮನೆಯಿರಲಿ, ಕ್ರಮ ಸರಿಯಿದ್ದರೆ ಫಲ ಬರುತ್ತದೆ.

ಆ ಕ್ರಮ ಯಾವುದು? ಈ ಚರಿತ್ರೆಯಿಂದ ನಾನು ಕಲಿತದ್ದನ್ನು ಹೇಳುವುದಾದರೆ, ಹಣದ ಲೆಕ್ಕವನ್ನೂ ಪಾರ್ಟಿನ ಲೆಕ್ಕವನ್ನೂ ಬೇರೆಯಾಗಿಡಬೇಕು. ಖರ್ಚು ಊರಿನದಾಗಲಿ, ಪಾತ್ರ ಯೋಗ್ಯತೆಯದಾಗಲಿ. ಮೊದಲ ವಾರ ಪಾತ್ರ ಹಂಚದೆ ಎಲ್ಲರೂ ಸರದಿಯಂತೆ ಎಲ್ಲ ಮಾತುಗಳನ್ನೂ ಓದಬೇಕು. ಓದು ಬಾರದವರು ಕೇಳಿ ಕಲಿಯಬೇಕು. ತಾಲೀಮಿನ ಹೊತ್ತನ್ನು ಬಿಡುವಿಲ್ಲದವರನ್ನು ಕೇಳಿ ಗೊತ್ತುಮಾಡಬೇಕು. ರಾತ್ರಿ ಹತ್ತಕ್ಕೆ ಶುರುವಾಗುವ ತಾಲೀಮಿಗೆ ಊರ ಹೆಣ್ಣುಮಕ್ಕಳು ಹೇಗೆ ಬಂದಾರು? ತಾಲೀಮಿನ ಜಾಗ ಎಲ್ಲ ಕೇರಿಯವರೂ ಅಳುಕಿಲ್ಲದೆ ಕಾಲಿಡುವಂಥದ್ದಾಗಿರಬೇಕು. ಹಾಡಲಾರದವರಿಗೆ ದೀಪ, ಓಡಾಡಲಾರದವರಿಗೆ ಹಾಡು, ಮಾತಾಡಲಾರದವರಿಗೆ ಬಣ್ಣದ ಕೆಲಸ ಇದ್ದೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರಾದರೊಬ್ಬರು ಎದ್ದು ಹೋಗಿ ಕರೆಯಬೇಕು.

ಬಸವಾಪಟ್ಟಣದ ಸುತ್ತಿನ ಊರುಗಳಿಗೆ ಇದೇನೂ ದೊಡ್ಡ ಹೊರೆಯಲ್ಲ. ನಾಟಕದ ರುಚಿ ಇಲ್ಲಿ ಮೊದಲಿನಿಂದಲೂ ಇದೆ. ಈ ಸಲ ಜಾತ್ರೆಗೆ ನಾಟಕ ಗೊತ್ತಾದಾಗ, ಪುಸ್ತಕ ಬಿಚ್ಚುವ ಮುನ್ನ ಜಗಲಿಯ ಕೆಳಗೆ ಯಾರು ಕೂತಿದ್ದಾರೆಂದು ಒಮ್ಮೆ ಇಳಿದು ನೋಡಿ ಬಂದರೆ ಆರಂಭವಾದಂತೆಯೇ.