ಅಚ್ಚುಕೂಟದ ಬಾಗಿಲಲ್ಲಿ: ವಸಾಹತು ಕಾಲದ ಅಮೆರಿಕನ್ ಸಾಹಿತ್ಯ

ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಅಮೆರಿಕನ್ ವಸಾಹತುಗಳಲ್ಲಿ ಕಾದಂಬರಿ, ನಾಟಕಗಳನ್ನು ಹುಡುಕುವವರಿಗೆ ಹೆಚ್ಚೇನೂ ಸಿಗದು. ಪ್ರವಚನ, ದಿನಚರಿ, ಪಂಚಾಂಗ, ಕರಪತ್ರಗಳೇ ಅಲ್ಲಿನ ಮುಖ್ಯ ಸಾಹಿತ್ಯ. ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆಂದು ಪಟ್ಟುಹಿಡಿದ ಪ್ಯೂರಿಟನ್ ಪಂಥದ ಕಟ್ಟುನಿಟ್ಟೇ ಇದಕ್ಕೆ ಕಾರಣವೆಂದು ಹೇಳುವ ವಾಡಿಕೆಯಿದೆಯಾದರೂ, ಅಚ್ಚುಕೂಟ ಯಾರ ಕೈಯಲ್ಲಿತ್ತು, ಅದರ ಬಾಗಿಲು ಯಾರಿಗೆ ತೆರೆಯುತ್ತಿತ್ತು ಎಂಬುದನ್ನು ಬಿಟ್ಟು ಈ ಸಾಹಿತ್ಯವನ್ನು ಅರ್ಥಮಾಡಿಕೊಳ್ಳಲಾಗದು.

ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ನೆಲೆಗೊಂಡ ಅಚ್ಚುಕೂಟದಿಂದ 1640ರಲ್ಲಿ ಬೈಬಲ್ಲಿನ ಕೀರ್ತನೆಗಳ ಪದ್ಯಾನುವಾದವೂ, 1663ರಲ್ಲಿ ಜಾನ್ ಎಲಿಯಟ್ ಸ್ಥಳೀಯರ ಮ್ಯಾಸಚೂಸೆಟ್ ಭಾಷೆಗೆ ತಂದ ಸಂಪೂರ್ಣ ಬೈಬಲ್ಲೂ ಹೊರಬಂದವು. ಈ ಎರಡನೆಯ ಕೆಲಸದಲ್ಲಿ ದುಡಿದ ನಿಪ್ಮಕ್ ಬುಡಕಟ್ಟಿನ ಯುವಕನಿಗೆ ಕಸುಬೇ ಅಡ್ಡಹೆಸರಾಗಿ, ಅವನು ಜೇಮ್ಸ್ ಪ್ರಿಂಟರ್ ಎನಿಸಿಕೊಂಡ. ವಲಸಿಗರಿಗೂ ಮೂಲನಿವಾಸಿಗಳಿಗೂ 1675ರಲ್ಲಿ ಯುದ್ಧ ಹತ್ತಿಕೊಂಡಾಗ ಅವನು ತನ್ನ ಜನರ ಪಾಳೆಯದಲ್ಲಿದ್ದ. ಮರುವರ್ಷ ಲ್ಯಾಂಕಾಸ್ಟರ್ ಊರಿನಿಂದ ಸೆರೆಯೊಯ್ಯಲ್ಪಟ್ಟ ಪಾದ್ರಿಯ ಪತ್ನಿ ಮೇರಿ ರೋಲ್ಯಾಂಡ್‌ಸನ್‌ಳ ಬಿಡುಗಡೆಯ ಮಾತುಕತೆಗೆ ಪತ್ರ ಬರೆದುಕೊಟ್ಟವನು ಅವನೇ ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಸಂಗತಿ. ಇಪ್ಪತ್ತು ಪೌಂಡ್ ಕೊಟ್ಟು ಬಿಡಿಸಿಕೊಂಡ ಆಕೆ ಬರೆದ ಸೆರೆಯ ವೃತ್ತಾಂತ 1682ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾದಾಗ, ಕ್ಷಮಾದಾನ ಪಡೆದು ಕಸುಬಿಗೆ ಮರಳಿದ್ದ ಜೇಮ್ಸನೇ ಮೊಳೆ ಜೋಡಿಸಿದನೆಂದೂ ಅವರು ನಂಬುತ್ತಾರೆ. ತನ್ನ ಜನರನ್ನು ಕ್ರೂರಿಗಳೆಂದು ಜರೆಯುವ ವಾಕ್ಯಗಳಿಗೆ ಅಕ್ಷರ ಆಯ್ದವನ ಮನಸ್ಸಿನಲ್ಲಿ ಏನಿತ್ತೋ, ಆ ಯುದ್ಧದ ಕುರಿತು ಅವನದೇ ವೃತ್ತಾಂತವಂತೂ ಅಚ್ಚಾಗಲಿಲ್ಲ.

ಮುಂದಿನ ಶತಮಾನದಲ್ಲಿ ಮುದ್ರಣ ವ್ಯಾಪಾರವಾಗಿ ಬೆಳೆಯಿತು. ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್‌ನ ಪಂಚಾಂಗವೇ ಇದಕ್ಕೆ ಸಾಕ್ಷಿ. ಬ್ರಿಟಿಷ್ ಸಂಸತ್ತಿನ 1765ರ ಸ್ಟಾಂಪ್ ಕಾಯಿದೆಯು ಪತ್ರಿಕೆ, ಪಂಚಾಂಗ, ಕರಪತ್ರಗಳ ಮೇಲೆ ಸುಂಕ ಹೇರಿ, ಒಂದೊಂದು ಜಾಹೀರಾತಿಗೂ ಎರಡು ಶಿಲಿಂಗ್ ವಿಧಿಸಿದಾಗ, ಅಲ್ಲಿಯವರೆಗೆ ಎಲ್ಲ ಪಕ್ಷದ ಗಿರಾಕಿಗಳನ್ನೂ ಓಲೈಸುತ್ತಿದ್ದ ಮುದ್ರಕರಲ್ಲಿ ಅನೇಕರು ಸರ್ಕಾರದ ವಿರೋಧಿಗಳಾದರು. ಕಾಯಿದೆ ಮರುವರ್ಷವೇ ರದ್ದಾದರೂ, ವಾದವನ್ನು ಕರಪತ್ರದಲ್ಲಿ ಹೂಡುವ ರೂಢಿ ಗಟ್ಟಿಯಾಯಿತು.

ಆ ರೂಢಿಯ ಶಿಖರವೆಂದರೆ 1776ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರಕಟವಾದ ಥಾಮಸ್ ಪೇನ್‌ನ ‘ಕಾಮನ್ ಸೆನ್ಸ್’. ಅರಸೊತ್ತಿಗೆಯನ್ನು ಅಲ್ಲಗಳೆಯಲು ಪೇನ್ ಆಯ್ದುಕೊಂಡದ್ದು, ಇಸ್ರಾಯೇಲ್ಯರು ಅರಸನನ್ನು ಬೇಡಿದಾಗ ಪ್ರವಾದಿ ಸಮುವೇಲನು ಎಚ್ಚರಿಸಿದ ಬೈಬಲ್ಲಿನ ಪ್ರಸಂಗವನ್ನು. ಮುಂದೆ ಅದೇ ಬೈಬಲ್ಲಿನ ಪ್ರಾಮಾಣ್ಯವನ್ನು ಪ್ರಶ್ನಿಸಿದ ಈತ, ಪ್ರವಚನ ಕೇಳಿ ಬೆಳೆದ ಓದುಗರ ನಾಡಿಯನ್ನು ಚೆನ್ನಾಗಿ ಬಲ್ಲವನಾಗಿದ್ದ.

ಆ ಕರಪತ್ರದ ಮೇಲೆ ಕರ್ತೃವಿನ ಹೆಸರೇ ಇರಲಿಲ್ಲ. ವಾದದ ಬಲವೊಂದೇ ಸಾಕಾಯಿತು. ಇದಕ್ಕೆ ಮೂರು ವರ್ಷ ಮೊದಲು, ಬಾಸ್ಟನ್ನಿನಲ್ಲಿ ಗುಲಾಮಳಾಗಿದ್ದ ಕವಯಿತ್ರಿ ಫಿಲಿಸ್ ವೀಟ್ಲಿಯ ಕವಿತೆಗಳು ಅವಳವೇ ಎಂದು ಸಾರಲು ಗವರ್ನರ್ ಥಾಮಸ್ ಹಚಿನ್ಸನ್ ಸೇರಿದಂತೆ 18 ಮಂದಿ ಗಣ್ಯರ ಹೇಳಿಕೆ ಬೇಕಾಗಿತ್ತು. ಬಾಸ್ಟನ್ನಿನಲ್ಲಿ ಸಾಕಷ್ಟು ಚಂದಾದಾರರು ಸಿಗದೆ ಅವಳ ಸಂಕಲನ 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ದಾಸ್ಯದಿಂದ ಬಿಡುಗಡೆ ಹೊಂದಿದ್ದ ಅವಳು 1779ರಲ್ಲಿ, ಸ್ವಾತಂತ್ರ್ಯ ಘೋಷಿಸಿಕೊಂಡ ನಾಡಿನಲ್ಲಿ, ಎರಡನೆಯ ಸಂಕಲನಕ್ಕೆ ಚಂದಾದಾರರನ್ನು ಕೋರಿದಳು, ಪುಸ್ತಕ ಬರಲಿಲ್ಲ.