ಕಚೇರಿ ಮೇಜಿನ ಮೇಲೆ ಗಣಕಯಂತ್ರದ ಜೋಡಣೆ
ಕಡತ ಬರೆಯಲೆಂದು ಮಾಡಿಸಿದ ಕಚೇರಿ ಮೇಜುಗಳ ಎತ್ತರವು ಸಾಮಾನ್ಯವಾಗಿ ಸುಮಾರು 75 ಸೆಂ.ಮೀ. ಇರುತ್ತದೆ. ಅದೇ ಮೇಜಿನ ಮೇಲೆ ಕೀಲಿಮಣೆಯನ್ನು ಇರಿಸಿದಲ್ಲಿ, ಎತ್ತರ ಕಡಿಮೆಯಿರುವ ಸಿಬ್ಬಂದಿಯು ದಿನವಿಡೀ ಭುಜಗಳನ್ನು ಮೇಲಕ್ಕೆತ್ತಿ ಬೆರಳಚ್ಚು ಮಾಡಬೇಕಾಗುತ್ತದೆ. ಇದರಿಂದ ಕತ್ತು ಹಾಗೂ ಭುಜದ ನೋವು ಉಂಟಾಗಬಹುದು. ಇದಕ್ಕಾಗಿ ಹೊಸ ಮೇಜಿನ ಖರೀದಿ ಅನಿವಾರ್ಯವಲ್ಲ. ಮೊಣಕೈಯು ಕೀಲಿಮಣೆಯ ಮಟ್ಟಕ್ಕೆ ಬರುವಂತೆ ಕುರ್ಚಿಯನ್ನು ಎತ್ತರಿಸಿ, ಪಾದಗಳಿಗೆ ಮರದ ಕಾಲುಮಣೆಯನ್ನು ಒದಗಿಸತಕ್ಕದ್ದು. ಕಾಲುಮಣೆಯಿಲ್ಲದೆ ಕುರ್ಚಿಯನ್ನಷ್ಟೇ ಎತ್ತರಿಸಿದಲ್ಲಿ ಆಸನದ ಅಂಚು ತೊಡೆಯ ಅಡಿಭಾಗವನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಪರದೆಯು ಒಂದು ತೋಳಿನಳತೆಯ ದೂರದಲ್ಲಿದ್ದು, ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿರಬೇಕು. ಬೈಫೋಕಲ್ ಕನ್ನಡಕ ಧರಿಸುವವರಿಗೆ ತುಸು ಕೆಳಗಿರುವುದು ಸೂಕ್ತ. ಕಿಟಕಿಯು ಪರದೆಯ ಪಕ್ಕಕ್ಕಿರಲಿ. ಅರ್ಧ ಗಂಟೆಗೊಮ್ಮೆ ಆಸನದಿಂದ ಏಳುವುದು ಅವಶ್ಯಕ. ಕಡತವನ್ನು ಸ್ವತಃ ತರಲು ಹೋದರೂ ಸಾಕು.